ಗಗನಸಿಂಹನ ಕುದುರೆಯ ಮೇವು

ಕಥೆ ಕೇಳುತ್ತಿರುವ ಜನರನ್ನು ನೀವು ಎಂದಾದರೂ ಎದುರಿನಿಂದ ನೋಡಿದ್ದೀರಾ? ಒಮ್ಮೆ ಹೇಳುವವನ ಪಕ್ಕದಲ್ಲಿ ಕುಳಿತು, ಕಥೆಗೆ ಕಿವಿ ಕೊಡದೆ, ಬರೀ ಮುಖಗಳನ್ನು ನೋಡಿ. ಕಥೆ ಮುಗಿದ ಕೂಡಲೇ ಯಾರೂ ಬಾಯಿ ಬಿಡುವುದಿಲ್ಲ. ಮೊದಲನೆಯವನು ಪಕ್ಕದವನ ಮುಖ ನೋಡುತ್ತಾನೆ. ಪಕ್ಕದವನು ತನ್ನ ಪಕ್ಕದವನ ಮುಖ ನೋಡುತ್ತಾನೆ. ಹೀಗೆ ಆ ನೋಟ ಕಟ್ಟೆಯ ಕೊನೆಯವರೆಗೂ ಹೋಗಿ, ಅಲ್ಲಿ ಕುಳಿತ ಯಾರೋ ಕಿವುಡ ಮುದುಕ "ಹ್ಞೂಂ, ಚಲೋ ಆತು" ಎಂದುಬಿಟ್ಟರೆ ಸಾಕು, ಅದೇ ಎಲ್ಲರ ಅಭಿಪ್ರಾಯವಾಗಿ ಸಾಲು ಹಿಡಿದು ಹಿಂದಕ್ಕೆ ಬರುತ್ತದೆ. ಮುದುಕನಿಗೆ ಚಲೋ ಆದದ್ದು ಕಥೆಯೋ ಬೀಸಿದ ಗಾಳಿಯೋ, ಅದನ್ನು ಯಾರೂ ವಿಚಾರಿಸುವುದಿಲ್ಲ.

ಇದು ನನ್ನ ಕಣ್ಣಿಗೆ ಬೀಳಲು ಕಾರಣವಿದೆ. ನಾನು ಸೀರೆ ವ್ಯಾಪಾರಿ. ಮುಖ ನೋಡುವುದೇ ನನ್ನ ದುಡಿಮೆ. ಗಜೇಂದ್ರಗಡದ ಮಗ್ಗಗಳಿಂದ ಸೀರೆ ಎತ್ತಿ ರೋಣ, ನರಗುಂದದ ಸಂತೆಗಳಲ್ಲಿ ಮಾರುತ್ತೇನೆ. ಹೆಗಲ ಮೇಲಿನ ಗಂಟಿನಿಂದ ಶುರುಮಾಡಿ, ತಟ್ಟು ಕುದುರೆಯ ಬೆನ್ನಿಗೆ ಏರಿ, ಈಗ ರೋಣದ ಪೇಟೆಯಲ್ಲಿ ಸ್ವಂತದ್ದೊಂದು ಅಂಗಡಿಗೆ ಇಳಿದಿದ್ದೇನೆ. ಯಾರ ಕೈ ಹಿಡಿದೂ ಮೇಲೆ ಬಂದವನಲ್ಲವಾದ್ದರಿಂದ, ಕಂಡವರಿಗೆಲ್ಲ ಮೇಲೆ ಬರುವ ದಾರಿ ಹೇಳುವ ಹಕ್ಕು ನನಗಿದೆ ಎಂದು ತಿಳಿದಿದ್ದೇನೆ. ನನ್ನ ಹೆಂಡತಿ ಹಾಗೆ ತಿಳಿದಿಲ್ಲ. ಇರಲಿ.

ಈ ವಿಷಯದಲ್ಲಿ ನನ್ನನ್ನು ಸಿಕ್ಕಿಸಿದವನು ಈರಪ್ಪ. ಈರಪ್ಪನೆಂದರೆ ನನ್ನ ತಂಗಿ ಗೌರವ್ವನ ಗಂಡ. ಸವಡಿಯಲ್ಲಿ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುವ ಪಂತೋಜಿ. ದೇವರಂಥ ಮನುಷ್ಯ, ಅಂದರೆ ಕರೆದರೆ ಲಗುಬಗೆಯಿಂದ ಓ ಎನ್ನುವವನಲ್ಲ. ಅವನು ಎರಡು ವರ್ಷದಿಂದ ಒಂದು ಕಥೆ ಬರೆಯುತ್ತಿದ್ದ. ಅದು ಪುರಾಣವಲ್ಲ, ಹಾಡಲ್ಲ, ಬಯಲಾಟದ ಪ್ರಸಂಗವೂ ಅಲ್ಲ. ನಾವು ನೀವು ಆಡುವ ಮಾತಿನಲ್ಲೇ ಬರೆದ, ಎಂದಿಗೂ ಮುಗಿಯದಷ್ಟು ಉದ್ದದ ಸಾಹಸದ ಕಥೆ. ಹೆಸರು 'ಗಗನಸಿಂಹನ ಪಾತಾಳಪ್ರಯಾಣ'. ಬರೆಯುವ ಭರದಲ್ಲಿ ಈರಪ್ಪನಿಗೆ ಸಾಲೆ ಮರೆಯಿತು. 'ಕ' ತಿದ್ದುತ್ತಾ ಕುಳಿತ ಮಕ್ಕಳು ಸಂಜೆಯವರೆಗೂ 'ಕ' ತಿದ್ದಿ ಮನೆಗೆ ಹೋದರು. ಮರುದಿನವೂ ಅದೇ. ಮಕ್ಕಳ ತಂದೆಯರು ಒಬ್ಬೊಬ್ಬರೇ ಮಕ್ಕಳನ್ನು ಬಿಡಿಸಿಕೊಂಡರು. ಮಕ್ಕಳ ಜೊತೆಗೆ ಅವರ ಮನೆಯಿಂದ ಬರುತ್ತಿದ್ದ ಜೋಳವೂ ನಿಂತಿತು.

ಗೌರವ್ವ ಹೆಚ್ಚು ಮಾತಿನವಳಲ್ಲ. ಒಂದು ದಿನ ರೋಣಕ್ಕೆ ಬಂದು ನನ್ನ ಅಂಗಡಿಯ ಹೊಸ್ತಿಲಲ್ಲಿ ಕುಳಿತಳು. ಗಂಡನೂ ಹಿಂದೆ ಬಂದು, ಚಪ್ಪಲಿ ಬಿಡಲು ಮರೆತು, ನಿಂತ.

"ಅಣ್ಣಾ, ಪೈಸ್ಲಾ ಮಾಡು," ಎಂದಳು. "ಇವ್ರ ಕಥಿ ಚಲೋ ಐತೋ ಇಲ್ಲೋ ನಂಗ ಗೊತ್ತಿಲ್ಲ. ನಿನ್ನ ಕಾಲ ಹಾಯೋ ಮೂರೂ ಊರಾಗ ಓದಿ ತೋರ್ಸು. ಮಂದಿ ಚಲೋ ಐತಿ ಅಂದ್ರ ಇವ್ರು ಬರೀಲಿ, ನಾ ಹ್ಯಾಂಗರ ಮನಿ ತೂಗಸ್ತೀನಿ. ಇಲ್ಲಂದ್ರ ಬರಿಯೋ ಟಾಕು, ಮಸಿ ದೌತಿ ಎತ್ತಿಟ್ಟು ನಿನ್ನ ಅಂಗಡ್ಯಾಗ ಕುಂಡ್ರಲಿ."

"ನಂಗೂ ಕಬೂಲ್," ಎಂದ ಈರಪ್ಪ. "ಮಂದಿ ಬ್ಯಾಡ ಅಂದ ಮ್ಯಾಲ ಒಂದಕ್ಷರ ಬರೆಯಂಗಿಲ್ಲ. ಗುರುವಿನಾಣಿ."

ನನಗೆ ಅಂಜಿಕೆ ಹತ್ತಿತು. ಈರಪ್ಪ ಬರೆಯುವುದನ್ನು ಬಿಟ್ಟಾನೆಂದಲ್ಲ, ನನ್ನ ಅಂಗಡಿಯಲ್ಲಿ ಕುಳಿತಾನೆಂದು. ಸುಳ್ಳು ಹೇಳಲು ಬಾರದ ಮನುಷ್ಯನನ್ನು ಅಂಗಡಿಯ ಹಣದ ಗಲ್ಲೆಯ ಮೇಲೆ ಕೂಡಿಸುವುದೆಂದರೆ, ಕಣದಲ್ಲಿ ರಾಶಿಯ ಪಕ್ಕಕ್ಕೇ ಎಮ್ಮೆ ಕಟ್ಟಿದಂತೆ. ಆದ್ದರಿಂದ ಈರಪ್ಪನ ಕಥೆ ಗೆಲ್ಲಲೇಬೇಕೆಂದು ಈರಪ್ಪನಿಗಿಂತ ಹೆಚ್ಚಾಗಿ ನಾನೇ ಬಯಸಿದೆ.

ಗೆಲ್ಲಬೇಕಾದ ಸರಕನ್ನು ಮೊದಲು ನಾನು ನೋಡಬೇಕಲ್ಲ? ಓದಿಸಿ ಕೇಳಿದೆ. ಕಥೆ ಇಷ್ಟು: ಗಗನಸಿಂಹನೆಂಬ ರಾಜಕುಮಾರ. ಅವನು ಮದುವೆಯಾಗಬೇಕಿದ್ದ ತಾರಾವತಿಯನ್ನು ಧೂಮಾಸುರನೆಂಬ ಹೊಗೆಯ ರಾಕ್ಷಸ ಹೊತ್ತುಕೊಂಡು ಹೋಗಿ, ಪಾತಾಳದ ಕಗ್ಗಲ್ಲಿನ ಕೋಟೆಯಲ್ಲಿ ಏಳು ವರ್ಷದಿಂದ ಇಟ್ಟುಕೊಂಡಿದ್ದಾನೆ. ರಾಜಕುಮಾರ ಮಾತಾಡುವ, ಹಾರುವ ಕುದುರೆ ಏರಿ ಹೊರಡುತ್ತಾನೆ. ದಾರಿಯಲ್ಲಿ ಒಬ್ಬ ರಾಕ್ಷಸಿಯಿಂದ ಮಾಯದ ಕತ್ತಿ ಪಡೆಯುತ್ತಾನೆ, ಇನ್ನೊಬ್ಬಳು ಒಂದೇ ರಾತ್ರಿಯಲ್ಲಿ ನೇಯ್ದು ಕೊಟ್ಟ ಹೊದಿಕೆ ಹೊದ್ದು ಯಾರ ಕಣ್ಣಿಗೂ ಕಾಣದಂತಾಗುತ್ತಾನೆ, ಹಾದಿಗೆ ಅಡ್ಡಬಂದ ಮೂರು ಕೋಟೆ ಗೆಲ್ಲುತ್ತಾನೆ. ಕೊನೆಗೆ, ಹಾರಲು ಆಕಾಶವಿಲ್ಲದ ಪಾತಾಳದಲ್ಲಿ, ಬೆಂಕಿಯ ಹೊಳೆಗೆ ಕುದುರೆ ಇಳಿಸುತ್ತಾನೆ. ಈರಪ್ಪನ ಹಾಳೆಗಳು ಅಲ್ಲಿಗೆ ಮುಗಿದಿದ್ದವು. ಕುದುರೆ ನಡುಹೊಳೆಯಲ್ಲಿ.

ನನ್ನ ಅಭಿಪ್ರಾಯ ಕೇಳುತ್ತೀರಾ? ಕೇಳದಿದ್ದರೂ ಹೇಳುತ್ತೇನೆ. ಮಾಯದ ಕತ್ತಿಗಾಗಿ ಈ ಮಹಾರಾಯ ಅರ್ಧ ರಾಜ್ಯ ಬರೆದುಕೊಡುತ್ತಾನೆ. ಕೊಡಲಿ, ಅವನ ರಾಜ್ಯ. ಆದರೆ ಒರೆಯಿಂದ ಹಿರಿದು ಒಮ್ಮೆಯಾದರೂ ಬಿಸಿಲಿಗೆ ಹಿಡಿದು ನೋಡಬಾರದೇ? ಗವಿಯ ಕತ್ತಲೆಯಲ್ಲಿ ನಿಂತು ಸರಕು ತೆಗೆದುಕೊಂಡವನು ನನ್ನ ಮಟ್ಟಿಗೆ ವೀರನಲ್ಲ. ನನ್ನ ಸ್ವಂತ ಮಗ ಹಾಗೆ ಮಾಡಿದ್ದರೆ ಆ ರಾತ್ರಿ ಅವನಿಗೆ ರೊಟ್ಟಿ ಹಾಕಿಸುತ್ತಿರಲಿಲ್ಲ. ಕತ್ತಿಯನ್ನು ಗವಿಯ ಬಾಯಿಗೆ ತಂದು ನೋಡುವ ಎರಡು ಸಾಲು ಸೇರಿಸೆಂದು ಈರಪ್ಪನಿಗೆ ಬುದ್ಧಿ ಹೇಳಿದೆ. ಅವನು ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡು, "ಅಣ್ಣಾರ, ಅಂವ ಯಾಪಾರಕ್ಕ ಹೊಂಟಿಲ್ರಿ," ಎಂದ. ವ್ಯಾಪಾರಕ್ಕೆ ಹೊರಡದವರೇ ಮೋಸ ಹೋಗುವವರು ಎಂಬುದನ್ನು ಪಂತೋಜಿಗೆ ಹೇಗೆ ತಿಳಿಸುವುದು?

ಮೊದಲು ರೋಣದಲ್ಲಿ ಓದಿದೆವು. ಸಂತೆ ಇಳಿಮುಖವಾದ ಮೇಲೆ ಅಂಗಡಿಯ ಮುಂದಿನ ಚಪ್ಪರದಡಿ ಜನ ಕೂತರು. ಓದುವವನು ನಾನು, ಏಕೆಂದರೆ ಸಂತೆಯ ಗದ್ದಲದ ಮೇಲೆ ಎದ್ದು ಕೇಳಿಸುವ ಗಂಟಲು ನನ್ನದು. ಬರೆದವನು ಸೀರೆಯ ಗಂಟುಗಳ ಹಿಂದೆ, ತಾನೂ ಒಂದು ಗಂಟೆಂಬಂತೆ ಮುದುಡಿ ಕುಳಿತಿದ್ದ. ಜನ ಚೆನ್ನಾಗಿಯೇ ಕೇಳಿದರು. ಕುದುರೆ ಒಂದೇ ಜಿಗಿತಕ್ಕೆ ಮೋಡ ದಾಟಿದಾಗ ಎಲ್ಲರ ಕತ್ತುಗಳೂ ಚಪ್ಪರದ ಕಡೆ ಎದ್ದವು. ಆಗ ಅಸೂಟಿಯ ಒಕ್ಕಲಿಗ ಫಕೀರಪ್ಪ ಕೈ ಎತ್ತಿದ. ಎತ್ತುಗಳ ವಿಷಯದಲ್ಲಿ ಸುತ್ತಲಿನ ಹಳ್ಳಿಗಳೆಲ್ಲ ಅವನ ಮಾತು ಕೇಳುತ್ತವೆ.

"ಶೆಟ್ರ, ಒಂದ್ ಮಾತು. ಆ ಕುದರಿ ಮುಂಜಾನಿಂದ ಹಾರಾಕ ಹತ್ತೇತಿ. ಒಂದ ಸಲಾನರ ಮೇವು ಹಾಕ್ಯಾನೇನ್ರಿ?"

"ಅದು ದಿವ್ಯಾಶ್ವ, ಫಕೀರಪ್ಪ. ಹಾರೂ ಕುದರಿ."

"ಹಾರಲಿ. ಹಕ್ಕೀನೂ ಹಾರತಾವ. ತಿನ್ನಂಗಿಲ್ಲೇನು?"

ನಾನು ಹಾಳೆಗಳನ್ನು ಹಿಂದೆ ಮುಂದೆ ತಿರುವಿ ನೋಡಿದೆ. ಮೇವು ಎಲ್ಲಿಯೂ ಸಿಗಲಿಲ್ಲ. ಫಕೀರಪ್ಪ ಸುತ್ತಲೂ ನೋಡಿ, ಜನರನ್ನೇ ಪಂಚರನ್ನಾಗಿ ಮಾಡಿಕೊಂಡು ಮುಂದುವರಿಸಿದ: "ಏಳು ಲೋಕ ಓಡಿಸ್ಯಾನ. ನೀರು ಕುಡಿಸಿಲ್ಲ, ಮೈ ತಿಕ್ಕಿಲ್ಲ. ಮತ್ತ ಅದರ ಕೂಡ ಮಾತಾಡ್ತಾನ! ಮಾತಾಡೂ ಮೂಕಪ್ರಾಣಿ ಹೊಟ್ಟಿ ಹಸದೈತಿ ಅಂತ ಒಂದ ಮಾತೂ ಅನ್ನಲಿಲ್ಲಂದ್ರ, ಈ ಹುಡುಗನ ಅಂಜಿಕಿ ಅದಕ್ಕ ಎಷ್ಟಿರಬೇಕು ನೀವ ಹೇಳ್ರಿ."

ಮಾತಾಡುವ ಮೂಕಪ್ರಾಣಿಯೆಂದರೆ ಏನೆಂದು ಯಾರೂ ಕೇಳಲಿಲ್ಲ. ಚಪ್ಪರದಡಿ ಗಗನಸಿಂಹನ ಮರ್ಯಾದೆ ಅಲ್ಲಿಗೆ ಹೋಯಿತು. ಆಮೇಲೆ ಅವನು ರಾಕ್ಷಸರ ತಲೆ ಕಡಿದುದಕ್ಕೆಲ್ಲ ಜನ "ಹ್ಞಾಂ, ಕಡೀಲಿ, ಕುದರಿ ಉಪಾಸ ಕೆಡವಿದವಾ ಏನ ಕಡಿಯಂಗಿಲ್ಲ" ಎಂಬ ಮುಖ ಮಾಡಿ ಕುಳಿತರು.

ಇಲ್ಲಿ ನಿಮಗೊಂದು ವಿಚಾರ ಹೇಳಬೇಕು. ಇದೇ ಫಕೀರಪ್ಪ ಶ್ರಾವಣಮಾಸದಲ್ಲಿ ಗುಡಿಯ ಪಡಸಾಲೆಯಲ್ಲಿ ಕುಳಿತು ಪುರಾಣ ಕೇಳುವುದನ್ನು ನಾನೇ ನೋಡಿದ್ದೇನೆ. ಅಲ್ಲಿ ಸಾವಿರ ಆನೆ, ಲಕ್ಷ ಕುದುರೆ ಬಂದು ಹೋಗುತ್ತವೆ. ಒಂದರ ಮೇವಿನ ಲೆಕ್ಕವನ್ನೂ ಇವನು ಕೇಳಿದ್ದಿಲ್ಲ. ಕಣ್ಣು ಮುಚ್ಚಿ ತಲೆದೂಗುತ್ತಾನೆ. ಬಹಳ ಯೋಚಿಸಿ ನಾನು ಕಂಡುಕೊಂಡದ್ದು ಇದು: ಹಳೆಯ ಕಥೆಯ ಕುದುರೆಗಳಿಗೆ ನಮ್ಮ ಅಜ್ಜ ಮುತ್ತಜ್ಜಂದಿರು ಯಾವಾಗಲೋ ಮೇವು ಹಾಕಿ ಮುಗಿಸಿದ್ದಾರೆ. ಹೊಸ ಕಥೆಯ ಕುದುರೆ ಈಗಷ್ಟೇ ಕೊಟ್ಟಿಗೆಗೆ ಬಂದದ್ದು. ಅದರ ಹಲ್ಲು ನೋಡಬೇಕು, ಸುಳಿ ನೋಡಬೇಕು, ತಿನ್ನುತ್ತದೆಯೋ ಇಲ್ಲವೋ ನೋಡಬೇಕು. ಹೊಸತನ್ನು ಹೊತ್ತು ಬಂದವರೆಲ್ಲ ಈ ಪರೀಕ್ಷೆಗೆ ತಯಾರಾಗಿ ಬರಬೇಕು. ಇಷ್ಟು ಹೇಳಿ ನಾನು ಈರಪ್ಪನನ್ನು ಸಮಾಧಾನ ಮಾಡಿದೆ. ಅವನಿಗೆ ಸಮಾಧಾನವಾಗಲಿಲ್ಲ.

ನರಗುಂದದಲ್ಲಿ ಕುದುರೆಯ ಮಾತೇ ಏಳಲಿಲ್ಲ. ಅಲ್ಲಿ ಗುಡ್ಡದ ಮೇಲೆ ಕೋಟೆ. ಕೋಟೆಯ ಕೆಳಗೆ ಪೇಟೆ. ಪೇಟೆಯಲ್ಲಿ ನಾಲ್ಕು ಮಂದಿ ಕೂಡಿದರೆ ಅವರಲ್ಲಿ ಒಬ್ಬನಾದರೂ ಕೋಟೆಯಲ್ಲಿ ಚಾಕರಿ ಮಾಡಿದವನು. ಅಂಥವನು ರಾಮೋಜಿ. ಕೋಟೆಯ ಬಾಗಿಲಲ್ಲಿ ಪಹರೆ ಮಾಡುತ್ತಲೇ ಮೀಸೆ ಬೆಳ್ಳಗಾಗಿಸಿಕೊಂಡು, ಈಗ ಮನೆಯ ಬಾಗಿಲಲ್ಲಿ ಅದೇ ಠೀವಿಯಿಂದ ಕುಳಿತಿರುತ್ತಾನೆ. ಗಗನಸಿಂಹ ನಡುರಾತ್ರಿ ಕೋಟೆಯ ಬಾಗಿಲು ತಳ್ಳಿ, ನಿದ್ದೆಹೋದ ಕಾವಲುಗಾರರನ್ನು ದಾಟಿ ಒಳಹೋದ ಎಂದು ನಾನು ಓದಿದ್ದೇ ತಡ, ರಾಮೋಜಿ ಎದ್ದು ನಿಂತ.

"ನಿಂದರ್ಸ್ರಿ. ಪಹರೇದ ಮ್ಯಾಲ ಯಾರಿದ್ರು?"

"ರಾಕ್ಷಸರು, ರಾಮೋಜಿ."

"ರಾಕ್ಷಸರು ಅಂದ್ರ ಹ್ಯಾಂಗ? ಹೆಸರು ಹೇಳ್ರಿ. ಬಾಗಲಾ ತಗದಿಟ್ಟು ಮಲಕ್ಕೊಂಡವನ ಹೆಸರು ಹೇಳ್ರಿ ನಂಗ."

"ಹೆಸರು ಬರದಿಲ್ಲ."

"ಯಾಕ ಬರದಿಲ್ಲ? ಯಾರನ್ನ ಉಳಸಾಕ ಹತ್ತೀರಿ?" ರಾಮೋಜಿ ನನ್ನ ಕೈಯ ಹಾಳೆಗೆ ಬೆರಳು ತೋರಿಸಿದ. "ಮೂರ ಕೋಟಿ, ಮೂರೂ ಕೋಟ್ಯಾಗ ಪಹರೇದವ್ರು ನಿದ್ದಿ! ಈ ಕಥಿ ಬರದವಾ ಯಾವ ಕೋಟಿ ನೋಡ್ಯಾನ? ನಾವು ಮಳ್ಯಾಗ, ಥಂಡ್ಯಾಗ ನಿಂತ ನಿಂತ ಕಾಲ ಸೇದಿ ಹೋಗ್ಯಾವ. ಕಥ್ಯಾಗ ನೋಡಿದ್ರ ನಾವೆಲ್ಲಾ ಗೊರಕಿ ಹೊಡೀತೀವಿ!"

ಇಲ್ಲಿಯೂ ಗಂಟುಗಳ ಹಿಂದೆಯೇ ಕುಳಿತಿದ್ದ ಈರಪ್ಪನಿಂದ ಸಣ್ಣದೊಂದು ನಿಟ್ಟುಸಿರು ಬಂತು. ರಾಮೋಜಿಯನ್ನು ಕೂಡಿಸಲು ಹೊತ್ತು ಹಿಡಿಯಿತು. ಅವನು ರಾಕ್ಷಸರ ಪಕ್ಷಕ್ಕೆ ಸೇರಿಬಿಟ್ಟಿದ್ದ. ಗಗನಸಿಂಹ ಗೆದ್ದಾಗಲೆಲ್ಲ ಅವನಿಗೆ ಅದು ಶೌರ್ಯವಾಗಿ ಕಾಣದೆ ಬಂದೋಬಸ್ತಿನ ನ್ಯೂನತೆಯಾಗಿ ಕಂಡಿತು. ಕೊನೆಗೆ ಬೆಂಕಿಯ ಹೊಳೆ ಬಂದಾಗ ಕೊಣ್ಣೂರಿನಿಂದ ಮೆಣಸಿನಕಾಯಿ ತಂದಿದ್ದ ಒಬ್ಬ ರೈತ, ಮಲಪ್ರಭೆಯ ದಂಡೆಯಲ್ಲಿ ಹುಟ್ಟಿ ಬೆಳೆದವನು, ಶಾಂತವಾಗಿ ಹೇಳಿದ: "ತುಂಬಿದ ಹೊಳಿಗೆ ಇಳಿಯೋದು ಶ್ಯಾಣ್ಯಾತನ ಅಲ್ರಿ. ದಂಡಿ ಮ್ಯಾಲ ಕುಂತು, ಇಳದ ಮ್ಯಾಲ ದಾಟಬೇಕಿತ್ತು." ಬೆಂಕಿಯ ಹೊಳೆ ಇಳಿಯುವುದಿಲ್ಲವಪ್ಪಾ ಎಂದೆ. "ಇಳೀದ ಏನ್ ಮಾಡ್ತೈತ್ರಿ, ಎಲ್ಲಾ ಹೊಳೀನೂ ಇಳೀತಾವ," ಎಂದು ಅವನು ಎದ್ದು ಬೆನ್ನು ಝಾಡಿಸಿಕೊಂಡ.

ಗಜೇಂದ್ರಗಡದ ನೇಕಾರರ ಓಣಿಯಲ್ಲಾದರೂ ಗೆಲ್ಲುತ್ತೇವೆಂದು ನಂಬಿದ್ದೆ. ಅಲ್ಲಿ ನನ್ನ ಮಾತಿಗೆ ಬೆಲೆಯಿದೆ. ನೇಕಾರ ದೇವೇಂದ್ರಪ್ಪನ ಪಡಸಾಲೆಯಲ್ಲಿ ಓದಿದೆ. ಹಸಿದ ಕುದುರೆಯನ್ನು ಅವರು ಕ್ಷಮಿಸಿದರು, ಮಲಗಿದ ಪಹರೆಯನ್ನು ಕ್ಷಮಿಸಿದರು. ಮಾಯದ ಹೊದಿಕೆ ಬಂತು. ರಾಕ್ಷಸಿ ಅದನ್ನು ಒಂದೇ ರಾತ್ರಿಯಲ್ಲಿ ನೇಯ್ದು ಬೆಳಗಾಗುವುದರೊಳಗೆ ಕೊಟ್ಟಳೆಂದು ಓದಿದೆ. ಓಣಿಯ ಮಗ್ಗಗಳೆಲ್ಲ ಒಂದೊಂದಾಗಿ ನಿಂತವು. ಗಜೇಂದ್ರಗಡದಲ್ಲಿ ಅಷ್ಟು ಸದ್ದಿಲ್ಲದ ಹೊತ್ತನ್ನು ನಾನು ಕಂಡದ್ದು ಅದೊಂದೇ ಸಲ.

"ನೂಲಿಗೆ ಗಂಜಿ ಹಚ್ಚಿದ್ದು ಯಾವಾಗ?" ಎಂದ ದೇವೇಂದ್ರಪ್ಪ.

"ಅದು ಮಾಯದ ಹೊದಿಕಿ—"

"ಮಾಯದ್ದ ಇರಲಿ. ಹೊತ್ಕೊಂಡ್ರ ಕಾಣಂಗಿಲ್ಲ, ಅದು ಖರೇ ಇರಬಹುದು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಗಂಜಿ ಹಚ್ಚಿದ ನೂಲು ಬಿಸಲಾಗ ಆರಬೇಕು. ರಾತ್ರಿ ಬಿಸಲು ಎಲ್ಲಿಂದ ಬಂತು? ಹಸೀ ನೂಲಿಂದ ನೇದ್ರ ಅರಿವಿ ಜಾಳಾಗತೈತಿ. ಜಾಳಾದ ಅರಿವ್ಯಾಗ ಮನಷ್ಯಾ ಅರ್ಧಾ ಕಾಣಿಸ್ತಾನ."

ಅರ್ಧ ಕಾಣುವ ವೀರನನ್ನು ನೆನೆದು ಓಣಿ ನಕ್ಕ ನಗೆಯಲ್ಲಿ ಆ ದಿನದ ಓದು ಮುಗಿಯಿತು.

ನೀವೀಗ ಕೇಳಬಹುದು: ಇಷ್ಟಾದ ಮೇಲೂ ಪೈಸ್ಲಾ ಆಗಲಿಲ್ಲವೇ? ಆಗಲಿಲ್ಲ. ಇವೆಲ್ಲ ನಾಲ್ಕು ಮಂದಿಯ ಎದುರು ಆಡಿದ ಮಾತು. ನಾಲ್ಕು ಮಂದಿಯ ಎದುರು ಮನುಷ್ಯ ಆಡುವುದು ತನ್ನ ಜಾಣತನವನ್ನು, ಅಭಿಪ್ರಾಯವನ್ನಲ್ಲ. ಎದೆಯೊಳಗಿನದು ಬೇಕಾದರೆ ಬೇರೆ ದಾರಿ ಹಿಡಿಯಬೇಕು. ಆ ದಾರಿ ನಮ್ಮ ಸಂತೆಗಳಲ್ಲಿ ಹಿಂದಿನಿಂದ ಇದೆ. ದನದ ಪೇಟೆಯಲ್ಲಿ ನೋಡಿದ್ದೀರಲ್ಲ? ಕೊಳ್ಳುವವನೂ ಮಾರುವವನೂ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೈಗೆ ಕೈ ಕೊಟ್ಟು, ಮೇಲೊಂದು ವಲ್ಲಿ, ಅಂದರೆ ಹೆಗಲ ಬಟ್ಟೆ, ಹಾಕಿಕೊಂಡು, ಅದರಡಿಯಲ್ಲಿ ಬೆರಳು ಹಿಡಿಯುತ್ತಾರೆ. ಹಿಡಿದ ಬೆರಳಿನಷ್ಟು ಬೆಲೆ. ಮೇಲೆ ಬಾಯಿ "ಮಳಿ ಹ್ಯಾಂಗೈತಿ, ಮಕ್ಳು ಹ್ಯಾಂಗದಾವ" ಎನ್ನುತ್ತಿರುತ್ತದೆ. ಕೆಳಗೆ ಎತ್ತಿನ ಜೋಡಿ ಕೈ ಬದಲಾಗಿರುತ್ತದೆ. ಸುತ್ತ ನಿಂತವರಿಗೆ ಸುಳಿವೂ ಹತ್ತುವುದಿಲ್ಲ.

ನಾನು ಹೆಗಲ ಮೇಲಿನ ವಲ್ಲಿ ತೆಗೆದೆ. ಮೂರೂ ಊರು ಮತ್ತೊಮ್ಮೆ ಸುತ್ತಿದೆ. ಕಥೆ ಕೇಳಿದವರನ್ನು ಒಬ್ಬೊಬ್ಬರನ್ನೇ ಬದಿಗೆ ಕರೆದು, ಕೈ ಹಿಡಿದು, ವಲ್ಲಿ ಮುಚ್ಚಿ, "ಐದೂ ಬೆರಳು ಹಿಡಿದ್ರ ಕಥಿ ಉತ್ತಮ, ಒಂದ ಹಿಡಿದ್ರ ಪಂತೋಜಿ ಬರೆಯೋದು ಸಾಕು" ಎಂದು ಕಿವಿಯಲ್ಲಿ ಹೇಳಿದೆ. ಮೂಡಣದಿಂದ ಪಡುವಣದವರೆಗೆ ಕಥೆಯ ಬೆಲೆಯನ್ನು ಹೀಗೆ ಕಟ್ಟಿದವನು ನಾನೇ ಮೊದಲಿಗನೆಂದು ಆಗ ಬಹಳ ಬೀಗಿದ್ದೆ.

ಬಂದ ಉತ್ತರ ಕೇಳಿ. ಕೊಣ್ಣೂರಿನವನು ಒಂದು ಬೆರಳು ಹಿಡಿದ. ರಾಮೋಜಿಯೂ ಒಂದೇ, ಅದೂ ಕಳ್ಳನ ರಟ್ಟೆ ಹಿಡಿದಂತೆ. ದೇವೇಂದ್ರಪ್ಪ ಎರಡು ಹಿಡಿದು, ತಡೆದು, ಒಂದನ್ನು ಬಿಟ್ಟ. ಫಕೀರಪ್ಪನಂತೂ ನನ್ನ ಕಿರುಬೆರಳಿನ ತುದಿಯನ್ನು ಹೇಗೆ ಮುಟ್ಟಿದನೆಂದರೆ, ಮುಟ್ಟಿದನೋ ಇಲ್ಲವೋ ಎಂದು ಮನೆಗೆ ಬಂದ ಮೇಲೂ ಬೆರಳು ನೋಡಿಕೊಂಡೆ. ಐದು ಬೆರಳು ಹೋಗಲಿ, ಮೂರು ಹಿಡಿದವನೂ ಒಬ್ಬನಿರಲಿಲ್ಲ.

ಸುಳ್ಳು ಹೇಳಿಬಿಡೋಣವೇ ಎಂದುಕೊಂಡೆ. ಆದರೆ ಜಗತ್ತಿನಲ್ಲಿ ನಾನು ಮನಸ್ಸಿನದನ್ನು ಮುಖದಲ್ಲಿ ಮುಚ್ಚಿಡಲಾರದ್ದು ಗೌರವ್ವನೊಬ್ಬಳ ಎದುರಿಗೇ. ಸವಡಿಯ ಮನೆಯ ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ, "ತಿಳೀತು ಬಿಡು," ಎಂದಳು. ಈರಪ್ಪ ಟಾಕನ್ನು ನೀರಿನಲ್ಲಿ ಅದ್ದಿ, ಅದರ ಮೊನೆಯನ್ನು ಬಟ್ಟೆಯಿಂದ ಒರೆಸಿದ, ಮತ್ತೆ ಒರೆಸಿದ, ಒಣಗಿದ ಮೇಲೂ ಒರೆಸುತ್ತಲೇ ಇದ್ದ. ಆಮೇಲೆ ಅದನ್ನು ಜಂತಿಯ ಸಂದಿಯಲ್ಲಿಟ್ಟು, "ನಡೀರಿ ಅಣ್ಣಾರ," ಎಂದು ಚಪ್ಪಲಿ ಮೆಟ್ಟಿದ. ಅಂದು ಚಪ್ಪಲಿ ಬಿಡುವುದನ್ನೇ ಮರೆತವನು ಈ ಸಲ ಮರೆಯದೆ ಮೆಟ್ಟಿದ. ಅದನ್ನು ನೋಡಿ ನನಗೆ, ನನ್ನ ಅಂಗಡಿಯ ಚಿಂತೆಯನ್ನೂ ಮೀರಿ, ಅವನ ಮೇಲೆ ಮರುಕ ಹುಟ್ಟಿತು.

ಆ ಮರುಕ ಹೆಚ್ಚು ದಿನ ಉಳಿಯಲಿಲ್ಲ. ಅಂಗಡಿಯಲ್ಲಿ ಅವನ ಕೆಲಸ ನೋಡಿದ ಮೇಲೆ ಇಳಿಯಿತು. ಕೆಂಪು ಸೀರೆ ಹಿಡಿದ ಹೆಣ್ಣುಮಗಳಿಗೆ, "ಈ ಬಣ್ಣ ಬಿಡತೈತಿ ತಂಗಿ, ಹೊರಗ ಒಣಹಾಕಬ್ಯಾಡ," ಎಂದ. ಹಸಿರು ಹಿಡಿದವಳಿಗೆ, "ನಿಂಗ ಒಪ್ಪಂಗಿಲ್ಲವ್ವಾ," ಎಂದ. ಯಾವ ಸೀರೆಯ ಬೆಲೆ ಕೇಳಿದರೂ ನಾನು ಕೊಂಡ ಬೆಲೆಯನ್ನೇ ಹೇಳುತ್ತಿದ್ದ. ತಪ್ಪೇನೆಂದು ನನ್ನನ್ನೇ ಕೇಳುತ್ತಿದ್ದ. ಅವನನ್ನು ಗಂಟುಗಳ ಹಿಂದೆ ಕೂಡಿಸಿ, ಯಾರೂ ಕೇಳದ ಹೊರತು ಬಾಯಿ ಬಿಡಬಾರದೆಂದು ತಾಕೀತು ಮಾಡಿದೆ.

ಆದರೆ ಮುಂದಿನ ಸಂತೆಗೆ ಅವನನ್ನೇ ಕೇಳಿಕೊಂಡು ಜನ ಬಂದರು.

ಮೊದಲು ಬಂದವನು ಫಕೀರಪ್ಪ, ತಲೆಯ ಮೇಲೆ ಒಣ ಜೋಳದ ದಂಟಿನ ಒಂದು ಹೊರೆ ಹೊತ್ತು. ಹೊರೆಯನ್ನು ನನ್ನ ಅಂಗಡಿಯ ಬಿಳಿಯ ಹಾಸಿನ ಮೇಲೆಯೇ ದೊಪ್ಪನೆ ಇಳಿಸಿದ.

"ಯಾರಿಗಪಾ ಇದು?" ಎಂದೆ.

"ಕುದರೀಗೆ."

"ಯಾವ ಕುದರೀಗೆ?"

"ಪಂತೋಜ್ಯಾರ ಕುದರೀಗ್ರಿ. ಮತ್ಯಾವುದು?" ನನ್ನ ಮುಖ ನೋಡಿ ಅವನಿಗೆ ಸಿಟ್ಟು ಬಂತು. "ಕುದರಿ ಇಲ್ಲಂತ ನಂಗೂ ಗೊತ್ತೈತಿ ಶೆಟ್ರ, ನಾ ಏನ್ ಹುಚ್ಚಲ್ಲ. ಪಂತೋಜ್ಯಾರು ಮೇವು ಕಣ್ಣಿಲೆ ನೋಡಿದ್ರ, ಅದಕ್ಕ ಹಾಕೋದು ನೆನಪಾದೀತು ಅಂತ ತಂದೆ. ನಡುಹೊಳ್ಯಾಗ ನಿಂತೈತಿ ಅದು. ಹೊಟ್ಟ್ಯಾಗ ಏನೂ ಇಲ್ಲ. ಮನಿಯಾಗ ಯಾರಿಗೂ ನಿದ್ದಿ ಇಲ್ಲ."

ಅಷ್ಟರಲ್ಲಿ ಬಂಡಿಯೊಂದರಿಂದ ರಾಮೋಜಿ ಇಳಿದ. ನರಗುಂದದಿಂದ ಇದಕ್ಕೆಂದೇ ಬಂದಿದ್ದ, ರುಮಾಲು ಸುತ್ತಿ, ಮೀಸೆ ತಿದ್ದಿಕೊಂಡು. "ಆ ಪಹರೇದವರ ವಿಚಾರಣಿ ಆತೇನ್ರಿ?" ಎಂದು ನೇರವಾಗಿ ಈರಪ್ಪನನ್ನೇ ಕೇಳಿದ. "ಮಲಕ್ಕೊಂಡಿದ್ರೋ, ಮದ್ದು ಹಾಕಿದ್ರೋ? ಮದ್ದ ಹಾಕ್ಯಾರ. ನಾ ವಿಚಾರ ಮಾಡೀನಿ. ಮೂರೂ ಕೋಟ್ಯಾಗ ಒಮ್ಮೆಲೇ ನಿದ್ದಿ ಹತ್ತಂಗಿಲ್ಲ. ಒಳಗಿನವ್ರ ಕೈ ಐತಿ ಇದರಾಗ. ಮುಂದಿನ ಹಾಳ್ಯಾಗ ಅದು ಹೊರಗ ಬರತೈತಿ, ಹೌದಿಲ್ಲೊ?"

ಅವನ ಹಿಂದೆಯೇ ಗಜೇಂದ್ರಗಡದಿಂದ ದೇವೇಂದ್ರಪ್ಪನೂ ಓಣಿಯವರೊಂದಿಗೆ ಬಂದ; ನೋಡನೋಡುತ್ತಿದ್ದಂತೆ ಚಪ್ಪರದಡಿ ಜಾಗ ಉಳಿಯಲಿಲ್ಲ. ಒಬ್ಬನೂ ಸೀರೆಯ ಕಡೆ ತಿರುಗಲಿಲ್ಲ. "ದಾಟಿದ್ನೇನು?" "ಕುದರಿ ಉಳೀತೇನು?" ಎಂಬ ಎರಡು ಮಾತೇ ಎಲ್ಲ ಬಾಯಲ್ಲೂ. ನನಗೆ ತಡೆಯಲಾಗಲಿಲ್ಲ. ಫಕೀರಪ್ಪನ ಹೆಗಲು ಹಿಡಿದು ಅಲುಗಿಸಿದೆ.

"ಅಲ್ಲೋ ಮಾರಾಯಾ, ಇಷ್ಟ ಜೀವ ಇತ್ತು ಅಂದ್ರ ವಲ್ಲ್ಯಾಗ ಕಿರಬೆರಳಿನ ತುದಿ ಯಾಕ ಹಿಡದಿ?"

ಫಕೀರಪ್ಪ ನನ್ನನ್ನು ಕನಿಕರದಿಂದ ನೋಡಿದ. "ಏನ್ ಶೆಟ್ರ, ನೀವ ಹಿಂಗ ಕೇಳಿದ್ರ ಹ್ಯಾಂಗ? ವಲ್ಲಿ ಹಾಕಿದ್ರಿ, ಕೈ ಕೊಟ್ರಿ. ಮೊದಲನೇ ಹಿಡಿತಕ್ಕ ಐದೂ ಬೆರಳ ಕೊಡಾಕ ನಾ ಏನ್ ನಿನ್ನಿ ಹುಟ್ಟೀನೇನು? ಕಡಿಮಿ ಹಿಡದೆ. ನೀವ ಏರಿಸ್ತೀರಿ, ನಾ ಸ್ವಲ್ಪ ಏರಿಸ್ತೀನಿ, ಆಮ್ಯಾಲ ಕೂಡ್ತೀವಿ ಅಂತ ಕಾಯ್ಕೋತ ನಿಂತೆ. ನೀವು ಒಂದ ಮಾತಿಲ್ಲದ ಕೈ ಬಿಟ್ಟು ಹೊಂಟ ಹೋದ್ರಿ! ನಂಗರ ಭಾಳ ಬ್ಯಾಸರಾತು. ಶೆಟ್ರಿಗೆ ಮಾರೂ ಮನಸ್ಸ ಇಲ್ಲ ಅನಕೊಂಡೆ."

"ನಾನೂ ಹಾಂಗ ಅನಕೊಂಡೆ," ಎಂದ ರಾಮೋಜಿ, ಮೀಸೆಯೊಳಗಿನಿಂದ.

ಹೆಗಲ ಗಂಟಿನಿಂದ ಶುರುಮಾಡಿ ಇಲ್ಲಿಯವರೆಗೆ ಬಂದವನು, ಈ ಸೀಮೆಯಲ್ಲಿ ಒಬ್ಬನಾದರೂ ಮೊದಲ ಹಿಡಿತಕ್ಕೆ ತನ್ನ ಮನಸ್ಸಿನ ಬೆಲೆ ಹಿಡಿದಾನೆಂದು ನಂಬಿಬಿಟ್ಟೆನಲ್ಲ! ಸೀರೆಯ ಬೆಲೆ ಕಟ್ಟುವುದರಲ್ಲಿ ಯಾರಿಗೂ ಸೋಲದ ನಾನು, ಕಥೆಯ ಬೆಲೆ ಕಟ್ಟುವಾಗ ಮಾತ್ರ ಅರ್ಧ ಚೌಕಾಶಿಯಲ್ಲೇ ಎದ್ದು ಬಂದಿದ್ದೆ. ಅದರಿಂದಾಗಿ ಒಬ್ಬ ಪಂತೋಜಿಯ ಟಾಕು ಜಂತಿ ಸೇರಿತ್ತು, ಒಂದು ಕುದುರೆ ಬೆಂಕಿಯ ಹೊಳೆಯಲ್ಲಿ ನಿಂತಿತ್ತು.

ಗುಂಪಿನ ಹಿಂದೆ ಗೌರವ್ವ ನಿಂತಿದ್ದಳು. ಗಂಡ ಅಂಗಡಿಯಲ್ಲಿ ಹೇಗಿದ್ದಾನೆಂದು ನೋಡಲು ಬಂದವಳು, ಮಾತೆಲ್ಲ ಕೇಳಿಸಿಕೊಂಡಿದ್ದಳು. ಜನ ಸರಿದು ದಾರಿ ಬಿಟ್ಟರು.

"ಮೂರ ಊರಿನವ್ರು ಬೇಕು ಅಂದ್ರಲ್ಲವ್ವಾ," ಎಂದೆ. "ನಿನ್ನ ಮಾತಿನಂಗ ಇನ್ನ ಇವ್ರು ಬರೀಬಹುದು."

"ಮಂದೀದು ಆತು," ಎಂದಳು. "ನನ್ನ ಯಾರರ ಕೇಳಿದ್ರೇನು?"

ಯಾರೂ ಕೇಳಿರಲಿಲ್ಲ. ಅಭ್ಯಾಸಬಲದಿಂದ ನನ್ನ ಕೈ ವಲ್ಲಿಯ ಕಡೆ ಹೋಯಿತು. "ಅದನ್ನ ತಗದು ಒಳಗಿಡು," ಎಂದಳು ಗೌರವ್ವ. "ನಾ ಬಾಯಿಲೆ ಹೇಳ್ತೀನಿ. ಆ ಹುಡಿಗಿ ತಾರಾವತಿ ಏಳು ವರ್ಷ ಕಿಡಕಿ ಮುಂದ ಕುಂತು ಅಳತಾಳ. ಏಳು ವರ್ಷ! ಒಂದ ಮನಿಯಾಗ ಕೀಲಿ ಎಲ್ಲಿ ಇಡ್ತಾರ ಅಂತ ತಿಳ್ಯಾಕ ಹೆಣಮಗಳಿಗೆ ಏಳು ವರ್ಷ ಬೇಕೇನ್ರಿ? ಆ ರಾಕ್ಷಸ ದಿನಾ ಹೊರಗ ಹೋಗ್ತಾನ ಅಂತ ನೀವ ಬರದೀರಿ. ಅಕಿ ಏನ್ ಮಾಡ್ತಿದ್ಲು?"

ಈರಪ್ಪ ಗಂಟುಗಳ ಹಿಂದಿನಿಂದ ಎದ್ದ. ಗೌರವ್ವನಿಗೆ ಅವನು ಒಂದು ಹಾಳೆಯನ್ನೂ ಓದಿ ಹೇಳಿದವನಲ್ಲ. ಅವಳಿಗೆ ಅಕ್ಷರ ಬಾರದು. "ನಿನಗ ಹ್ಯಾಂಗ ಗೊತ್ತು?" ಎಂದ.

"ಬರಕೋತ ಬಾಯಿ ಬಿಟ್ಟು ಓದತಿರ್ತೀರಲ್ಲ, ಮನಿಯಾಗ ನಾ ಏನ್ ಕಿವಿ ಮುಚಗೊಂಡ ಇರ್ತೀನಾ? ರೊಟ್ಟಿ ಬಡಿಯೋ ಸಪ್ಪಳದಾಗ ಅರ್ಧ ತಪ್ಪತೈತಿ. ಆ ಕತ್ತಿ ಹ್ಯಾಂಗ ಸಿಕ್ತು ಅನ್ನೋದ ನಂಗ ಇನ್ನೂ ತಿಳಿದಿಲ್ಲ. ರೊಟ್ಟಿ ಬಡಿಯೋದು ನಿಂದರ್ಸಿ ಕೇಳೂಣು ಅಂದ್ರ ಹಂಚಿನ ಮ್ಯಾಲಿಂದು ಸೀಯತೈತಿ."

"ಅಂದ್ರ... ಚಲೋ ಐತೇನು?" ಈರಪ್ಪನ ದನಿ ಕೇಳಿಸಿದ್ದು ಹೆಚ್ಚೇನಲ್ಲ. ಇಡೀ ಚಪ್ಪರ ಅವಳ ಕಡೆ ತಿರುಗಿತು.

"ಚಲೋ ಐತೋ ಇಲ್ಲೋ, ಮುಗೀದ ಹ್ಯಾಂಗ ಹೇಳ್ಲಿ? ಮುಗಸ್ರಿ ಮೊದಲ," ಎಂದಳು. "ಮುಂಜಾನಿ ಮಕ್ಕಳಿಗೆ ಕಲಸ್ರಿ. ಸಂಜೀಕ ಬರೀರಿ, ನಾ ರೊಟ್ಟಿ ಲಗೂ ಮುಗಸ್ತೀನಿ. ಬರದದ್ದ ಜೋರಾಗಿ ಓದ್ರಿ." ಆಮೇಲೆ ಫಕೀರಪ್ಪನ ಹೊರೆಯನ್ನು ತೋರಿಸಿ, "ಇದನ್ನೂ ಬಂಡ್ಯಾಗ ಹಾಕ್ರಿ, ಮನಿಯಾಗ ಎಮ್ಮಿ ಐತಿ," ಎಂದಳು.

ಅದಾಗಿ ಈಗ ಮಳೆಗಾಲ ಕಳೆಯುತ್ತ ಬಂತು. ಸವಡಿಯಲ್ಲಿ ಮಕ್ಕಳು 'ಕ' ದಾಟಿ ಮುಂದೆ ಹೋಗಿದ್ದಾರಂತೆ. ನನ್ನ ವ್ಯಾಪಾರ ಮೊದಲಿನಂತೆ ಸುಳ್ಳು ಖರೇ ಕೂಡಿ ಚೆನ್ನಾಗಿ ನಡೆದಿದೆ. ಆದರೂ ಮೊನ್ನೆ ನನಗೆ ಸವಡಿಯಲ್ಲಿ ಅವಸರದ ಕೆಲಸವೊಂದು ಹುಟ್ಟಿತು. ಏನು ಕೆಲಸವೆಂದು ಹೆಂಡತಿ ಕೇಳುವಷ್ಟರಲ್ಲಿ ತಟ್ಟು ಏರಿ ಹೊರಟೆ.

ಈರಪ್ಪ ಕಟ್ಟೆಯ ಮೇಲೆ ಹಾಳೆಗಳ ಮೇಲೊಂದು ಕಲ್ಲಿಟ್ಟುಕೊಂಡು ಕುಳಿತಿದ್ದ. ಬೆಳೆ, ಮಳೆ, ಎಮ್ಮೆಯ ಹಾಲು ಎಲ್ಲ ವಿಚಾರಿಸಿದೆ. ಆಮೇಲೆ ಮಾತಿನ ಮಧ್ಯೆ ಬಂದದ್ದೆಂಬಂತೆ, "ಅಲ್ಲಾ, ಆ ಕೀಲಿ ಅಕಿ ಕಡೆನ ಇತ್ತೇನು?" ಎಂದೆ.

"ಮುಗದ ಮ್ಯಾಲ ಓದಿ ಹೇಳ್ತೀನ್ರಿ," ಎಂದ.

"ಪೂರಾ ಬ್ಯಾಡ. ಕುದರಿ ಹೊಳಿ ದಾಟ್ತೋ ಇಲ್ಲೋ ಅಷ್ಟ ಹೇಳು."

"ಮುಗದ ಮ್ಯಾಲ."

ಹೊಸ ಸೀರೆ ತೋರಿಸಿದೆ. ಸಿಟ್ಟು ಮಾಡಿದೆ. ಗೌರವ್ವನ ಅಣ್ಣನೆಂಬುದನ್ನು ನೆನಪು ಮಾಡಿಕೊಟ್ಟೆ. ಪಂತೋಜಿ ನಗುತ್ತ ಕುಳಿತ, ಜಗ್ಗಲಿಲ್ಲ. ನಮ್ಮ ವ್ಯವಹಾರದಲ್ಲಿ ಕಟ್ಟಕಡೆಗೆ ಹೂಡುವ ಉಪಾಯವೊಂದಿದೆ: 'ಬ್ಯಾಡ ಬಿಡು' ಎಂದು ತಟಕ್ಕನೆ ಎದ್ದು, ಹಿಂದೆ ನೋಡದೆ ನಡೆದುಬಿಡುವುದು. ಎಂಥ ಬಿಗಿಯ ವ್ಯಾಪಾರಿಯೂ ಓಣಿ ತಿರುಗುವುದರೊಳಗೆ ಕೂಗಿ ಕರೆಯುತ್ತಾನೆ. ನನ್ನ ಆಯುಷ್ಯದಲ್ಲಿ ಅದು ಒಮ್ಮೆಯೂ ತಪ್ಪಿದ್ದಿಲ್ಲ. ಎದ್ದೆ, ಚಪ್ಪಲಿ ಮೆಟ್ಟಿದೆ, ನಡೆದೆ. ಓಣಿ ತಿರುಗಿತು. ಗುಡಿ ದಾಟಿತು. ಕೆರೆಯ ಏರಿ ಬಂತು. ಬೇಕೆಂದೇ ತಟ್ಟುವನ್ನು ಅವನ ಮನೆಯ ಮುಂದೆಯೇ ಬಿಟ್ಟು ಬಂದಿದ್ದೆ. ಕೂಗು ಬರಲಿಲ್ಲ.

ಏರಿಯ ಮೇಲೆ ಸ್ವಲ್ಪ ಹೊತ್ತು ನಿಂತಿದ್ದು, ತಿರುಗಿ ಬಂದು ಕಟ್ಟೆಯ ಮೇಲೆ ಅವನ ಪಕ್ಕದಲ್ಲಿ ಕುಳಿತೆ. ಈರಪ್ಪ ತಲೆ ಎತ್ತದೆ ಬರೆಯುತ್ತಿದ್ದ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತರೆ ಗೌರವ್ವನಿಗೆ ಜೋರಾಗಿ ಓದುವ ಹೊತ್ತು; ಅದು ನಿಲ್ಲುವುದನ್ನೇ ನಾವಿಬ್ಬರೂ ಕಾಯುತ್ತಿದ್ದೆವು.